ತಾಟು ಹಿಡಿದ ದಸರಾ

ಈ ಸಲ ದಸರಾ ಗಾಂಧಿ ಜಯಂತಿಯ ದಿನವೇ ಬಿತ್ತು. ಬ್ರಾಂಡಿ ಅಂಗಡಿಗಳು ಮುಚ್ಚಿರುತ್ತವೆ ಎಂದು ತಾಂಡೂರಿನ ಗಂಡಸರು ಹಿಂದಿನ ದಿನವೇ ಸಾಲು ಹಚ್ಚಿ ನಿಂತರು. ರೇಷನ್ ಅಕ್ಕಿಗೆ ಹೆಂಡಿರನ್ನು ನಿಲ್ಲಿಸಿ ತಾವು ಚಹಾದಂಗಡಿಯಲ್ಲಿ ಕೂರುವ ಮಂದಿಯೇ ಇವರು. ಅಂದು ಮಾತ್ರ ಬಿಸಿಲಿನಲ್ಲಿ ಒಬ್ಬರನ್ನೊಬ್ಬರು ನೂಕದೆ, ಬಯ್ಯದೆ, ಮುದುಕರಿಗೆ ಮುಂದೆ ಜಾಗ ಬಿಟ್ಟು, ಸಾಲೆಯ ಮಕ್ಕಳನ್ನು ಕರೆತಂದು ತೋರಿಸುವಷ್ಟು ಶಿಸ್ತಾಗಿ ನಿಂತಿದ್ದರು. ನಾನು ಬ್ಲೌಸಿನ ಅಸ್ತರ್ ತರಲು ಹೋದವಳು ಅಲ್ಲೇ ನಿಂತು ಕಣ್ತುಂಬ ನೋಡಿದೆ.

ಹಬ್ಬದ ಸಂಜೆ ಪಕ್ಕದ ಮನೆಯವರು ನಮ್ಮ ಗೇಟು ದಾಟಿ ಹೋದಾಗ ಯಾಲಕ್ಕಿಯ ವಾಸನೆ ಬಂತು. ಉಳಿದವರಿಗೆ ಯಾಲಕ್ಕಿ ಎಂದರೆ ಹೋಳಿಗೆ. ನನಗೆ ಯಾಲಕ್ಕಿ ಎಂದರೆ ಮಾತಾಡುವಾಗ ಮುಖ ಅತ್ತ ತಿರುಗಿಸುವ ಗಂಡಸು. ನನ್ನ ಗಂಡನ ಮನೆಯಲ್ಲಿ ಹಬ್ಬಕ್ಕೆಂದು ಯಾಲಕ್ಕಿ ಎರಡರಷ್ಟು ತರಿಸುತ್ತಿದ್ದರು. ಅರ್ಧ ಹೂರಣಕ್ಕೆ, ಅರ್ಧ ಗಂಡಸರ ಕಿಸೆಗೆ, ಕುಡಿದ ಬಾಯಿಯ ವಾಸನೆ ಮುಚ್ಚಲು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಸಿರ್ಗಾಪುರದ ಪಕ್ಕದ ಆ ಊರು, ಆ ಪಡಸಾಲೆ, ನನ್ನ ತೊಡೆಯ ಮೇಲಿನ ಆ ಹಿತ್ತಾಳೆ ತಾಟು ಎಲ್ಲ ನೆನಪಾದವು. ಕೊರೋನಾ ಹೋಗಿ ಮಂದಿ ಮತ್ತೆ ಮುಖ ತೋರಿಸತೊಡಗಿದ್ದ ವರ್ಷದ ದಸರಾ ಅದು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ನನ್ನ ತವರು ಜಹೀರಾಬಾದ್. ಅಲ್ಲಿ ಕನ್ನಡ ಸಾಲೆಯಲ್ಲಿ ಓದಿದ್ದರಿಂದಲೇ ಇಷ್ಟು ಬರೆಯಲು ಬರುತ್ತದೆ. ಗಂಡನ ಮನೆ ನಾರಾಯಣಖೇಡದ ಕಡೆ, ಮೂವರು ಅಣ್ಣತಮ್ಮಂದಿರು. ನಮ್ಮನೆಯವರು, ಶರಣಪ್ಪ, ಎಲ್ಲರಿಗಿಂತ ಸಣ್ಣವರು. ತಾಂಡೂರಿನಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆ ಇಟ್ಟಿದ್ದಾರೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಕಲ್ಲಿನ ಧೂಳು ಗಂಟಲಿಗೆ ಹೋಗುತ್ತದೆ, ಅದನ್ನು ಇಳಿಸಲು ಒಂದಿಷ್ಟು ಬೇಕಾಗುತ್ತದೆ ಎಂದು ಇವರು ಮದುವೆಯಾದ ಹೊಸದರಲ್ಲಿ ಹೇಳಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ಧೂಳು ತಿನ್ನುವ ಹೆಣ್ಣಾಳುಗಳ ಗಂಟಲಿಗೆ ಏನು ಇಳಿಸುತ್ತೀರಿ ಎಂದು ನಾನು ಕೇಳಲಿಲ್ಲ. ಆಗ ಹೊಸ ಸೊಸೆ ಬೇರೆ.

ಇವರು ಕುಡಿದು ಹೊಡೆಯುವವರಲ್ಲ, ಅಳುವವರು. ಸತ್ತ ಅಪ್ಪನನ್ನು ನೆನೆದು ಅಳುತ್ತಿದ್ದರು, ಮಾರಿದ ಎತ್ತುಗಳನ್ನು ನೆನೆದು ಅಳುತ್ತಿದ್ದರು, ಒಮ್ಮೆ ಟಿವಿಯಲ್ಲಿ ಸೋತ ಕ್ರಿಕೆಟ್ ತಂಡಕ್ಕೂ ಅತ್ತರು. ಬೆಳಗ್ಗೆ ಎದ್ದರೆ ಯಾವುದೂ ನೆನಪಿರುತ್ತಿರಲಿಲ್ಲ. ನಮ್ಮ ಮಗಳು ಒಂಬತ್ತನೇ ತರಗತಿಗೆ ಬಂದಾಗ ಸಂಜೆಯಾದರೆ ಪುಸ್ತಕ ಹಿಡಿದು ಮಾಳಿಗೆ ಹತ್ತುತ್ತಿದ್ದಳು, ಅಪ್ಪ ಮಲಗಿದ ಮೇಲೆ ಇಳಿಯುತ್ತಿದ್ದಳು. ಬಂಧು ಬಳಗದವರು ಮಾತ್ರ ನನಗೆ ಒಂದೇ ಮಾತು ಹೇಳುತ್ತಿದ್ದರು: "ಹೊಡಿಯಂಗಿಲ್ಲಲ್ಲ, ನೀ ಪುಣ್ಯವಂತಿ." ಹೆಣ್ಣಿನ ಪುಣ್ಯವನ್ನು ಅಳೆಯಲು ನಮ್ಮ ಕಡೆ ಇಟ್ಟ ಸೇರು ಅಷ್ಟು ಸಣ್ಣದು.

ಶ್ರಾವಣ ಬಂದರೆ ನಮ್ಮವರೆಲ್ಲ ಬಿಡುತ್ತಾರೆ. ಇದು ಎಲ್ಲ ಮನೆಯಲ್ಲೂ ಉಂಟು. ಒಂದು ತಿಂಗಳು ದಿನಕ್ಕೆರಡು ಸಲ ಜಳಕ, ಹಣೆ ತುಂಬ ವಿಭೂತಿ, ಸೋಮವಾರ ಒಪ್ಪತ್ತು. ಹಿರಿಯ ಭಾವ ಬಸವಣಪ್ಪನವರಂತೂ ಆ ತಿಂಗಳಿಡೀ ಮಠದ ಮೈಕಿನ ಮುಂದೆಯೇ ಇರುತ್ತಿದ್ದರು. ನಡೆ ನುಡಿ ಒಂದಾಗಿರಬೇಕು ಎಂದು ಅವರು ಹೇಳುವುದನ್ನು ಕೇಳಿದರೆ ಎಂಥವರಿಗೂ ಕಣ್ಣಲ್ಲಿ ನೀರು ಬರಬೇಕು. ಬೆನಕನ ಅಮಾವಾಸ್ಯೆಯ ಸಂಜೆ ಶ್ರಾವಣ ಮುಗಿಯಿತೋ, ಮಠದಿಂದ ನೇರ ಹೊಲದ ಬೋರಿನ ಶೆಡ್ಡಿಗೆ ಹೋಗುತ್ತಿದ್ದರು. ಊರಿಗೆಲ್ಲ ಉಪದೇಶ ಹೇಳಿ ಹೇಳಿ ಗಂಟಲು ಒಣಗಿರುತ್ತಿತ್ತು, ಪಾಪ.

ಆ ವರ್ಷವೂ ಇವರು ಶ್ರಾವಣಕ್ಕೆ ಬಿಟ್ಟರು. ನಾನು ಏನೂ ಅನ್ನಲಿಲ್ಲ. ಬಿಡುವುದನ್ನು ಎಷ್ಟೋ ಸಲ ನೋಡಿದ್ದೆ, ಹಿಡಿಯುವುದನ್ನೂ ಅಷ್ಟೇ ಸಲ ನೋಡಿದ್ದೆ. ಅಮಾವಾಸ್ಯೆ ದಾಟಿತು. ಗಣಪತಿ ಕೂತು ಎದ್ದ. ಇವರು ಸಂಜೆ ನೇರ ಮನೆಗೆ ಬರುತ್ತಿದ್ದರು. ಒಂದು ಬೆಳಗ್ಗೆ ಚಹಾ ಹೀರುತ್ತ ತಾವಾಗಿಯೇ ಮಾತು ತೆಗೆದರು.

"ಮುಂಜಾನಿ ಚಹಾದ ರುಚಿ ಗೊತ್ತಾಗಾಕತ್ತದ ನೋಡು. ಇನ್ನೊಂದಿಷ್ಟು ದಿನ ಹಿಂಗೇ ಇರ್ತೀನಿ."

"ಇರ್ರಿ. ಚಹಾಪುಡಿ ಚಲೋದು ತರಸ್ತೀನಿ," ಎಂದೆ.

ಅಷ್ಟೇ. ದೇವರ ಮುಂದೆ ಆಣೆ ಇಲ್ಲ, ಮಗಳ ತಲೆ ಮುಟ್ಟುವ ನಾಟಕ ಇಲ್ಲ. ಆ ಮಾತು ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಅದರ ಮೇಲೆ ಮೊದಲ ಬಾರಿ ನಂಬಿಕೆ ಹುಟ್ಟಿತು. ನಂಬಿಕೆ ಹುಟ್ಟಿದ ಮೇಲೆ ಹೆದರಿಕೆಯೂ ಹುಟ್ಟಿತು. ಈ ಸಲ ಬಿದ್ದರೆ ಮತ್ತೆ ನೋಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಎಂದು ನನಗೆ ಗೊತ್ತಾಯಿತು. ದಸರಾಕ್ಕೆ ಊರಿಗೆ ಹೋಗಲೇಬೇಕಿತ್ತು, ಅಲ್ಲಿ ಏನು ನಡೆಯುತ್ತದೆ ಎಂಬುದೂ ಗೊತ್ತಿತ್ತು. ರಿಪೇರಿಯ ನೆಪ ಹೇಳಿ ನನ್ನ ಹೊಲಿಗೆ ಮಷಿನ್ನನ್ನು ಮೊದಲೇ ಜಹೀರಾಬಾದಿನ ತವರಿಗೆ ಕಳಿಸಿಬಿಟ್ಟೆ. ಹಬ್ಬದ ದಿನ ಇವರು ಕುಡಿದರೆ ವಾಪಸ್ ಬರುವಾಗ ಮಗಳ ಜೊತೆ ನಾನು ಜಹೀರಾಬಾದಿನಲ್ಲಿ ಇಳಿದುಬಿಡುವುದು, ಇವರು ತಾಂಡೂರಿಗೆ ಒಬ್ಬರೇ ಹೋಗಲಿ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೊಡೆಯದ ಗಂಡನನ್ನು ಬಿಟ್ಟು ಬರುವ ಸೊಕ್ಕಿನ ಹೆಣ್ಣು ಎನ್ನುತ್ತಿದ್ದರು.

ಒಬ್ಬ ಗಂಡಸು ಕುಡಿಯುವುದಕ್ಕೆ ನಮ್ಮಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಬಿಟ್ಟನೋ, ಊರೇ ಬಂದು ವಿಚಾರಣೆ ಮಾಡುತ್ತದೆ. ನನ್ನ ತಮ್ಮ ಜಹೀರಾಬಾದಿನಿಂದ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದ, "ಅಕ್ಕಾ, ಮಾವಗ ಏನರ ಬೇಮಾರಿ ಆಗ್ಯಾದೇನ? ಡಾಕ್ಟರ್ ಬ್ಯಾಡ ಅಂದಾರೇನ?" ಬೇಮಾರಿ ಇಲ್ಲ ಎಂದರೆ ಅವನಿಗೆ ಸಮಾಧಾನವೇ ಆಗಲಿಲ್ಲ. ಲಿವರ್ ಕೆಟ್ಟಿದೆ ಎಂದಿದ್ದರೆ ಹಣ್ಣು ತಗೊಂಡು ನೋಡಲು ಬರುತ್ತಿದ್ದ. ಕಾರ್ಖಾನೆಯಲ್ಲಿ ಆಯುಧ ಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದ ಮೇಲೆ ಆಳುಗಳಿಗೆ ಬಾಟಲಿ ಕೊಡುವುದು ರೂಢಿ. ಇವರು ಆ ಸಲ ಪ್ಯಾಂಟಿನ ಬಟ್ಟೆ ಹಂಚಿದರು. ಕಟಿಂಗ್ ಮಷಿನ್ ನಡೆಸುವವನು ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸೇಟ್, ಇದನ್ನ ನೀರಾಗ ಕಲಿಸಿ ಕುಡಿಬೇಕೇನ್ರಿ?" ಎಂದ. ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಮನೆಗೆ ಬಂದು ಅಂದಿನ ಚಹಾ ಅರ್ಧಕ್ಕೇ ಬಿಟ್ಟರು.

ಎಲ್ಲಕ್ಕಿಂತ ಜೋರಾಗಿದ್ದದ್ದು ಹಿರಿಯ ಭಾವನ ಫೋನು. ಸ್ಪೀಕರಿನಲ್ಲಿ ಹಾಕದೆಯೇ ಇಡೀ ಮನೆಗೆ ಕೇಳುತ್ತಿತ್ತು.

"ಏ ಶರಣಾ, ಶ್ರಾವಣ ಮುಗದು ಎಷ್ಟ್ ದಿನ ಆತು? ಇನ್ನೂ ಸನ್ಯಾಸಿ ಆಗೇ ಇದ್ದೀಯೇನು? ಹಬ್ಬಕ್ಕ ಬಾ, ನಿನ್ನ ಸನ್ಯಾಸ ಬಿಡಸ್ತೀನಿ."

ಆಮೇಲೆ ತಿಳಿಯಿತು, ಹಿರಿಯ ಭಾವ ಮತ್ತು ನಡುವಿನ ಭಾವ ರೇವಣಪ್ಪ ಇವರ ಮೇಲೆ ಶರ್ತು ಕಟ್ಟಿದ್ದರು. ಬನ್ನಿ ಮುಡಿಯುವುದರೊಳಗೆ ಶರಣ ಗ್ಲಾಸು ಹಿಡಿದರೆ ರೇವಣಪ್ಪ ಹೋತ ಕೊಡಿಸಬೇಕು, ಹಿಡಿಯದಿದ್ದರೆ ಬಸವಣಪ್ಪ ಕೊಡಿಸಬೇಕು. ಒಡಹುಟ್ಟಿದ ತಮ್ಮನ ಮೇಲೆ, ಕುಸ್ತಿಯ ಪೈಲ್ವಾನನ ಮೇಲೆ ಕಟ್ಟಿದ ಹಾಗೆ. ಯಾರು ಗೆದ್ದರೂ ತಿನ್ನುವವರು ಇಬ್ಬರೇ, ಅದೂ ಹೊಲದಲ್ಲಿ ಬೇಯಿಸಿಕೊಂಡು. ಲಿಂಗವಂತರ ಮನೆಯೊಳಗೆ ಅದೆಲ್ಲ ಬರುವ ಹಾಗಿಲ್ಲ ನೋಡಿ.

ಈಗ ತಾಟಿನ ಮಾತು ಹೇಳಬೇಕು. ಕೊರಳಿನ ಲಿಂಗ ಜೀವ ಇರುವ ತನಕ ಮೈ ಬಿಡಬಾರದು ಎಂದು ನನ್ನ ತವರಿನ ಅಜ್ಜ ಹೇಳುತ್ತಿದ್ದರು. ನಿದ್ದೆಯಲ್ಲೂ ಅವರ ಎಡಗೈ ಎದೆಯ ಮೇಲಿನ ಕರಡಿಗೆಯ ಮೇಲೇ ಇರುತ್ತಿತ್ತು. ಕರಡಿಗೆ ಎಂದರೆ ಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಸಣ್ಣ ಡಬ್ಬಿ. ಗಂಡನ ಮನೆಗೆ ಬಂದ ಮೊದಲ ದಸರಾದಲ್ಲಿ, ಊಟವಾದ ಮೇಲೆ, ಮೂವರು ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಸಾಲಾಗಿ ನಿಂತರು. ಒಬ್ಬೊಬ್ಬರೇ ಕೊರಳಿನಿಂದ ಕರಡಿಗೆ ತೆಗೆದರು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು, ವಿಭೂತಿ ಬಿಲ್ವಪತ್ರೆ ಹಾಸಿದ ತಾಟಿನಲ್ಲಿ ಇಟ್ಟರು. ಆಮೇಲೆ ಕಿಸೆ ಮುಟ್ಟಿ ಯಾಲಕ್ಕಿ ಇದೆಯೇ ನೋಡಿಕೊಂಡು ಹೊಲದ ಕಡೆ ನಡೆದರು. ತಾಟು ನನ್ನ ತೊಡೆಯ ಮೇಲೆ ಬಂತು.

ಅತ್ತೆ ವಿವರಿಸಿದರು. "ಲಿಂಗ ನೆಲಕ್ಕ ಇಡಬಾರದು, ಗೂಟಕ್ಕ ಹಾಕಬಾರದು, ಒಂಟಿ ಬಿಡಬಾರದು. ಅವರು ಬರೂತನಕ ತೊಡಿ ಮ್ಯಾಲ ಇಟ್ಕೊಂಡು ಕುಂದರಬೇಕು. ಸಣ್ಣ ಸೊಸಿ ಕೆಲಸ ಇದು."

"ಅತ್ತಿ, ಲಿಂಗ ಬಿಟ್ಟು ಇರಬಾರದು ಅಂತಾರಲ್ರಿ?"

"ಅದಕ್ಕೇ ನೀ ಹಿಡ್ಕೊಂಡು ಕುಂದರೋದು."

ಕುಡಿಯುವುದು ಪಾಪ, ಲಿಂಗ ಕಟ್ಟಿಕೊಂಡು ಕುಡಿಯುವುದು ಮಹಾಪಾಪ, ಆದ್ದರಿಂದ ಲಿಂಗ ತೆಗೆದಿಟ್ಟು ಕುಡಿದರೆ ಪಾಪವೇ ಅಲ್ಲ. ಬೆಕ್ಕಾದರೆ ತಾನೇ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ಇವರು ಶಿವನ ಕಣ್ಣು ಮುಚ್ಚಿಸಿ, ಕಾವಲಿಗೆ ಹೆಂಗಸನ್ನು ಕೂರಿಸಿ ಕುಡಿಯುತ್ತಿದ್ದರು. ಮೂರೂ ಕರಡಿಗೆಗಳನ್ನು ಒಬ್ಬನೇ ಅಕ್ಕಸಾಲಿಗ ಒಂದೇ ಅಚ್ಚಿನಲ್ಲಿ ಮಾಡಿದ್ದ. ಒಂದು ವರ್ಷ ಅಮಲಿನಲ್ಲಿ ಹಿರಿಯ ಭಾವ ನಡುವಿನವರದ್ದನ್ನೂ ನಡುವಿನವರು ಹಿರಿಯರದ್ದನ್ನೂ ಕೊರಳಿಗೆ ಹಾಕಿಕೊಂಡು ದೀಪಾವಳಿಯ ತನಕ ದಿನಾ ಪೂಜೆ ಮಾಡಿದರು. ಶಿವದಾರ ಬದಲಿಸುವಾಗ ಗೊತ್ತಾಯಿತು. ಮಠದ ಅಯ್ಯನವರಿಗೆ ಹೇಳಿ ಶುದ್ಧಿ ಮಾಡಿಸಿಕೊಂಡರು. ಏಕೆ ಅದಲು ಬದಲಾಯಿತು ಎಂದು ಅಯ್ಯನವರು ಕೇಳಲಿಲ್ಲ, ಇವರು ಹೇಳಲಿಲ್ಲ.

ರೇವಣಪ್ಪನವರ ಹೆಂಡತಿ ಜಾಣೆ, ಪ್ರತಿ ದಸರಾಕ್ಕೆ ತವರಿಗೆ ಹೋಗಿಬಿಡುತ್ತಿದ್ದಳು. ಹಿರಿಯ ಭಾವನ ಹೆಂಡತಿ ಗುರಮ್ಮಕ್ಕ ನಾನು ಬರುವ ತನಕ ವರ್ಷಾನುಗಟ್ಟಲೆ ತಾಟು ಹಿಡಿದವಳು. ನಾನು ಬಂದ ಮೇಲೆ ಅವಳಿಗೆ ಬಿಡುಗಡೆಯಾಗಿ ಅಡಿಗೆಮನೆ ಸೇರಿದಳು. ದಸರಾದ ಸಂಜೆ ಊರಲ್ಲಿ ಏನಾಗುತ್ತದೆ, ಬನ್ನಿ ಗಿಡ ಎಲ್ಲಿದೆ, ಯಾವ ದಾರಿಯಿಂದ ಮಂದಿ ಹೋಗುತ್ತಾರೆ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಹಲಗೆಯ ಸಪ್ಪಳ ದೂರದಿಂದ ಕೇಳಿಸುತ್ತಿತ್ತು. ನಾನು ಗೋಡೆಗೆ ಒರಗಿ ಮೂವರು ಗಂಡಸರ ಭಕ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದೆ.

ಆ ವರ್ಷ ಹಬ್ಬದ ಹಿಂದಿನ ದಿನ, ಬೆಳಗ್ಗೆಯೇ ಕಾರ್ಖಾನೆಯ ಪೂಜೆ ಮುಗಿಸಿ, ನಾವು ಮೂವರು ಕಾರಿನಲ್ಲಿ ಹೊರಟೆವು. ಮಳೆ ಹೋಗಲೊಲ್ಲದು. ಎರೆ ಹೊಲಗಳಲ್ಲಿ ಕೊಯ್ದ ಸೋಯಾ ನೆನೆದು ಕಪ್ಪಾಗಿತ್ತು, ತೊಗರಿ ಮಾತ್ರ ಎದೆಮಟ್ಟ ಬೆಳೆದು ತೂಗುತ್ತಿತ್ತು. ಜಹೀರಾಬಾದಿನಲ್ಲಿ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿ ಅರ್ಧ ಮಧ್ಯಾಹ್ನ ಹೋಯಿತು. ತವರಿನಲ್ಲಿ ಇಳಿದು ಚಹಾ ಕುಡಿದೆವು. ನನ್ನ ಮಷಿನ್ನು ನಡುಮನೆಯ ಮೂಲೆಯಲ್ಲಿ ಹಳೆ ಸೀರೆ ಹೊದ್ದು ನಿಂತಿತ್ತು. ಇವರು ಅದನ್ನು ನೋಡಿ, "ರಿಪೇರಿ ಆತೇನು?" ಎಂದು ಕೇಳಿದರು. "ಹಬ್ಬ ಆದಮ್ಯಾಲ ಗೊತ್ತಾಗ್ತದ," ಎಂದೆ. ಇವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹಬ್ಬದ ದಿನ ಹೋಳಿಗೆ ಊಟವಾಯಿತು. ಹಿರಿಯ ಭಾವ ಬೆಳಗಿನಿಂದಲೇ ಇವರ ಸುತ್ತ ತಿರುಗುತ್ತಿದ್ದರು, ಬೆನ್ನು ತಟ್ಟುತ್ತಿದ್ದರು, ಸಣ್ಣವರಿದ್ದಾಗಿನ ಮಾತು ತೆಗೆಯುತ್ತಿದ್ದರು. ವರ್ಷವಿಡೀ ಹೊಲದ ನೀರಿನ ಪಾಳಿಗೆ ತಮ್ಮನ ಜೊತೆ ಜಗಳ ತೆಗೆಯುವ ಮನುಷ್ಯನಿಗೆ ಅಂದು ಅಷ್ಟು ಪ್ರೀತಿ ಉಕ್ಕಿತ್ತು. ಹೋತದ ಪ್ರೀತಿ ಅದು. ಬಿಸಿಲು ಇಳಿಯುವ ಹೊತ್ತಿಗೆ ನಾನು ತಾಟು ತೊಳೆದು, ವಿಭೂತಿ ಹಾಸಿ, ಪಡಸಾಲೆಯ ಗೋಡೆಗೆ ಒರಗಿ ಕೂತೆ. ಅತ್ತೆ ಹೊರಸಿನ ಮೇಲೆ ಕಾಲು ಚಾಚಿದ್ದರು. ಗುರಮ್ಮಕ್ಕ ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಳು.

ಹಿರಿಯ ಭಾವ ಕರಡಿಗೆ ತೆಗೆದು ಕಣ್ಣಿಗೊತ್ತಿಕೊಂಡು ಇಟ್ಟರು. ರೇವಣಪ್ಪನವರೂ ಇಟ್ಟರು. ಇವರು ಕಂಬದ ಹತ್ತಿರ ನಿಂತೇ ಇದ್ದರು.

"ಏನ್ ನಿಂತಿ? ತೆಗಿ," ಎಂದರು ಹಿರಿಯ ಭಾವ.

"ಬ್ಯಾಡಣ್ಣಾ. ನೀವು ಹೋಗಿ ಬರ್ರಿ."

"ಅಪ್ಪ ಇದ್ದಾಗಿಂದ ನಡಕೊಂಡು ಬಂದದ್ದು. ಮೂರು ಮಂದಿ ಕೂಡಿ ಹೋಗ್ತೀವಿ, ಕೂಡಿ ಬರ್ತೀವಿ. ಇವತ್ತು ನೀ ಬರ್ಲಿಲ್ಲಂದ್ರ ಮಂದಿ ಏನಂತಾರ? ಅಣ್ಣತಮ್ಮರು ಪಾಲಾದ್ರು ಅಂತಾರ. ಮನೀ ಇಜ್ಜತ್ ಅದ ಇದು."

ಮನೆಯ ಇಜ್ಜತ್ತು ಬೋರಿನ ಶೆಡ್ಡಿನಲ್ಲಿ, ಮೋಟರಿನ ಪಕ್ಕದಲ್ಲಿ, ಗೋಣಿಚೀಲದಲ್ಲಿ ಸುತ್ತಿ ಇಟ್ಟಿತ್ತು. ಮಠದ ಮೈಕಿಗೂ ಇದೇ ದನಿ, ಇದೇ ಏರಿಳಿತ. ರೇವಣಪ್ಪ ಮಾತಾಡಲಿಲ್ಲ. ತಮ್ಮ ಕುಡಿಯದಿದ್ದರೆ ಹೋತ ಗೆಲ್ಲುವವರು ಅವರೇ ಅಲ್ಲವೇ, ಅವರೇಕೆ ಮಾತಾಡುತ್ತಾರೆ! ಅತ್ತೆ ನಡುವೆ ಬಾಯಿ ಹಾಕಿದರು.

"ಹೋಗಪ್ಪಾ, ಹಿರಿಯಣ್ಣನ ಮಾತು ಮುರೀಬ್ಯಾಡ. ಕುಡೀಬ್ಯಾಡ ಬೇಕಾದ್ರ, ಸುಮ್ಮ ಕುಂತು ಬಾ."

ಸುಮ್ಮನೆ ಕುಂತು ಬರುವುದು! ಸುಮ್ಮನೆ ಕುಂತು ಬರಲು ಹೋದವರಿಂದಲೇ ಈ ಸೀಮೆಯ ಅರ್ಧ ಸೇಂದಿ ಅಂಗಡಿಗಳು ನಡೆದಿವೆ. ಇವರ ಕೈ ಮೆಲ್ಲಗೆ ಅಂಗಿಯ ಕೊರಳಿನೊಳಗೆ ಹೋಯಿತು. ಶಿವದಾರ ಬೆರಳಿಗೆ ಸಿಕ್ಕಿದ್ದು ನನಗೆ ಕಾಣಿಸಿತು. ಇವರು ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ಎಷ್ಟು ದಿನದಿಂದ ಎಷ್ಟು ಮಾತು ಕಟ್ಟಿಕೊಂಡಿದ್ದೆ! ಮಗಳ ಮಾತು, ಮಷಿನ್ನಿನ ಮಾತು, ಚಹಾದ ರುಚಿಯ ಮಾತು. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬರೀ ರೇಗು.

"ಇಡೋದಿದ್ರ ಲಗೂನ ಇಡ್ರಿ. ಇಲ್ಲೇ ಕುಂತು ಕುಂತು ನನ್ನ ಕಾಲು ಜೋಮು ಹಿಡದಾವ."

ಗುರಮ್ಮಕ್ಕ ಹೆದರಿ ನನ್ನ ಕಡೆ ನೋಡಿದಳು. ಇವರು ಅಂಗಿಯೊಳಗಿಂದ ಕೈ ಹೊರಗೆ ತೆಗೆದರು. ಕೈ ಬರಿದಾಗಿತ್ತು. ನನ್ನ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತು ತಾಟಿನ ಅಂಚು ಹಿಡಿದರು.

"ಜೋಮು ಹಿಡದಾವಂದ್ರ ಏಳು. ಇವತ್ತ ನಾ ಕುಂದರ್ತೀನಿ."

ಹಿರಿಯ ಭಾವ ನಕ್ಕರು, ರೇವಣಪ್ಪ ನಕ್ಕರು. "ಬಳಿ ತೊಟ್ಕೊಂಡು ಕುಂದ್ರು, ಸೀರಿ ತರ್ಲೇನು?" ಎಂದು ಹಿರಿಯರು ಕೇಳಿದರು. ಇವರು ನಾನು ಎದ್ದ ಜಾಗದಲ್ಲಿ ಗೋಡೆಗೆ ಒರಗಿ, ತಾಟು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಅಂಚು ಹಿಡಿದುಕೊಂಡರು. ಆ ಮನೆಯ ಗಂಡಸರಲ್ಲಿ ಆ ಸಂಜೆ ಲಿಂಗ ಕೊರಳಲ್ಲೇ ಇದ್ದದ್ದು ಇವರೊಬ್ಬರಿಗೆ. ಅಣ್ಣಂದಿರು ಬಯ್ಯುತ್ತ ನಗುತ್ತ ಹೊಲದ ಕಡೆ ಹೋದರು.

ನಾನು ಎದ್ದು ನಿಂತೆ, ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಾಲು ನಿಜವಾಗಿಯೂ ಜುಮುಗುಡುತ್ತಿದ್ದವು. ಇವರನ್ನು ಕಾಯುತ್ತ ಅಲ್ಲೇ ಕೂರಬೇಕು ಅಂದುಕೊಂಡೆ. ಅಣ್ಣಂದಿರು ಯಾವಾಗ ಬೇಕಾದರೂ ತಿರುಗಿ ಬಂದು ಎಳೆದುಕೊಂಡು ಹೋಗಬಹುದಿತ್ತು. ಆದರೆ ಗುರಮ್ಮಕ್ಕ ಸೆರಗು ಸರಿಮಾಡಿಕೊಂಡು ಹೊರಗೇ ಬಂದಳು.

"ಬನ್ನಿ ಗಿಡಕ್ಕ ಹೋಗೂಣು ನಡಿ. ನಾ ಈ ಊರಿಗೆ ಬಂದ ಮ್ಯಾಲ ಒಂದು ಸಲನೂ ನೋಡಿಲ್ಲ."

ಮಗಳನ್ನೂ ಕರೆದುಕೊಂಡು ಹೊರಟೆವು. ಗುರಮ್ಮಕ್ಕನಿಗೂ ದಾರಿ ಗೊತ್ತಿರಲಿಲ್ಲ. ಹಲಗೆಯ ಸಪ್ಪಳ ಹಿಡಿದು ನಡೆದೆವು. ಊರ ಹೊರಗೆ ಕೆಸರು ತುಳಿದು ಹೋದರೆ ಬನ್ನಿ ಗಿಡ ನಾನು ಅಂದುಕೊಂಡಷ್ಟು ದೊಡ್ಡದೇನೂ ಇರಲಿಲ್ಲ. ಸುತ್ತ ಜನ. ಅರ್ಧ ಗಂಡಸರು ಆಗಲೇ ತೂರಾಡುತ್ತಿದ್ದರು, ಒಬ್ಬನಂತೂ ಕೈಯಲ್ಲಿ ಬನ್ನಿ ಹಿಡಿದು ವಿದ್ಯುತ್ ಕಂಬಕ್ಕೆ "ಬಂಗಾರದಂಗ ಇರೂಣು" ಎನ್ನುತ್ತಿದ್ದ. ಒಬ್ಬ ಪಂಜರದಲ್ಲಿ ಪಾಲಪಿಟ್ಟ ಹಕ್ಕಿ ತಂದಿದ್ದ. ದಸರಾದ ದಿನ ಆ ನೀಲಿ ಹಕ್ಕಿಯನ್ನು ನೋಡಿದರೆ ಒಳ್ಳೆಯದು ಎಂದು ಎಲ್ಲರೂ ಪಂಜರದ ಮೇಲೆ ಮುಗಿಬಿದ್ದು ಕೈ ಮುಗಿಯುತ್ತಿದ್ದರು. ನನ್ನ ಮಗಳು ನನ್ನ ಕೈ ಜಗ್ಗಿ ಮೇಲೆ ತೋರಿಸಿದಳು. ಅವರ ತಲೆಯ ಮೇಲೇ, ತಂತಿಯ ಮೇಲೆ, ಅಂಥದೇ ಇನ್ನೊಂದು ಹಕ್ಕಿ ಯಾರ ಹಂಗೂ ಇಲ್ಲದೆ ಕೂತಿತ್ತು. ನಾವು ಮೂವರು ಹೆಂಗಸರು ಅದನ್ನು ನೋಡಿದೆವು. ಗುರಮ್ಮಕ್ಕ ನನ್ನ ಕೈಗೆ ಬನ್ನಿ ಎಲೆ ಇಟ್ಟು, ನಾನು ಅವಳ ಕೈಗೆ ಇಟ್ಟು, ಇಬ್ಬರೂ ಸುಮ್ಮನೆ ಅತ್ತುಬಿಟ್ಟೆವು. ಕುಡಿಯದೆಯೂ ಅಳಬಹುದು ಎಂದು ಆ ಮನೆಯ ಗಂಡಸರಿಗೆ ಯಾರು ಹೇಳಬೇಕು?

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಹೊಸ್ತಿಲು ದಾಟುವ ಮೊದಲೇ ಆ ಗೋಡೆಯ ಕಡೆ ಇಣುಕಿದೆ. ಅತ್ತೆ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದರು. ಇವರು ಇದ್ದರು. ಬಿಟ್ಟು ಹೋದ ಜಾಗದಲ್ಲೇ, ಬಿಟ್ಟು ಹೋದ ಹಾಗೇ ಕೂತಿದ್ದರು. ಮುಖ ಬೆವರಿತ್ತು.

"ಬಂಗಾರ ತಗೋರಿ," ಎಂದು ಬನ್ನಿ ಮುಂದೆ ಚಾಚಿದೆ.

"ಕೈ ತುಂಬ್ಯಾವಲ್ಲ, ಕಿಸೇದಾಗ ಹಾಕು," ಎಂದರು.

ಯಾಲಕ್ಕಿ ಇರುತ್ತಿದ್ದ ಕಿಸೆಯಲ್ಲಿ ಬನ್ನಿ ಹಾಕಿದೆ. ಅಷ್ಟರಲ್ಲಿ ಅಣ್ಣಂದಿರು ಬಂದರು. ಹಿರಿಯ ಭಾವನಿಗೆ ಮೆಟ್ಟಿಲು ಎಲ್ಲಿದೆ ಎಂಬುದರ ಬಗ್ಗೆ ಅನುಮಾನವಿತ್ತು. ಕಟ್ಟೆ ಹಿಡಿದುಕೊಂಡೇ ಕೈ ಚಾಚಿ, "ತಾ, ನನ್ನ ಲಿಂಗ ತಾ," ಎಂದರು.

"ಮುಂಜಾನಿ ಜಳಕ ಮಾಡಿ ಬರ್ರಿ ಅಣ್ಣಾ, ಕೊಡ್ತೀನಿ," ಎಂದರು ಇವರು.

ಭಾವ ಬೈಯಲು ಬಾಯಿ ತೆರೆದರು. ಬಯ್ಗುಳ ಅರ್ಧಕ್ಕೆ ಬಿಕ್ಕಳಿಕೆಯಾಯಿತು. ಗುರಮ್ಮಕ್ಕ ಅಂದು ಮೊದಲ ಬಾರಿ ಗಂಡನಿಗೆ ಎಲ್ಲರೆದುರು, "ಕೊಡ್ತೀನಿ ಅಂದಾನಲ್ಲ, ಹೋಗಿ ಮಕ್ಕೋರಿ," ಎಂದಳು. ಗಲಾಟೆಗೆ ಎಚ್ಚರಾದ ಅತ್ತೆ ಕಣ್ಣು ತಿಕ್ಕುತ್ತ ತಾಟನ್ನು ನೋಡಿ, ಹಗುರಾಗಿ ಹೇಳಿಬಿಟ್ಟರು.

"ಮುಂಜಾನಿ ತನಕ ಹೆಂಗ ಹಿಡ್ಕೊಂಡು ಕುಂದರ್ತೀ? ದೇವರ ಜಗಲಿ ಮ್ಯಾಲ ಇಡು. ಅಲ್ಲಿಟ್ರ ಏನೂ ಆಗಂಗಿಲ್ಲ."

ನಾನು ಗುರಮ್ಮಕ್ಕನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಜಗಲಿಯ ಮೇಲೆ ಇಡಬಹುದಿತ್ತು! ಅವಳ ಅಷ್ಟು ವರ್ಷ, ನನ್ನ ಇಷ್ಟು ವರ್ಷ, ಅಷ್ಟೂ ದಸರಾ ಸಂಜೆಗಳು, ಹತ್ತು ಹೆಜ್ಜೆ ಆಚೆ ಇದ್ದ ಜಗಲಿಯ ಮೇಲೆ ಇಡಬಹುದಿತ್ತು. ಮಗ ತೊಡೆಯ ಮೇಲೆ ಇಟ್ಟುಕೊಂಡು ಒಂದು ಸಂಜೆ ಕೂತ ಕೂಡಲೇ ಈ ಶಾಸ್ತ್ರ ಅವರಿಗೆ ನೆನಪಾಯಿತು. ಅತ್ತೆಯ ಮೇಲೆ ಆಗ ಹುಟ್ಟಿದ ತಿರಸ್ಕಾರ ಅವರು ತೀರಿಕೊಂಡ ಮೇಲೂ ನನಗೆ ಪೂರ್ತಿ ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಬರೆಯಲಾರೆ.

ಮರುದಿನ ಬೆಳಗ್ಗೆ ಅಣ್ಣಂದಿರು ಒಬ್ಬೊಬ್ಬರೇ ಒದ್ದೆ ತಲೆಯಲ್ಲಿ ಬಂದು, ತಮ್ಮನ ಮುಂದೆ ಕಣ್ಣು ಕೆಳಗೆ ಹಾಕಿ ನಿಂತು, ಕರಡಿಗೆ ತಗೊಂಡು ಹೋದರು. ರೇವಣಪ್ಪ ಮಾತ್ರ ಹೋಗುವಾಗ, "ಹೋತ ನಾ ಗೆದ್ದೆ ನೋಡು," ಎಂದು ಸಣ್ಣಗೆ ಹೇಳಿದರು. ಮನೆಯಿಂದ ಹೊರಡುವ ಹೊತ್ತಿಗೆ ಎಲ್ಲರೂ ಈ ಶ್ರೇಯಸ್ಸಿನ ಪಾಲಿಗೆ ಬಂದರು. ಅತ್ತೆ ತಮ್ಮ ಹರಕೆಯಿಂದ ಮಗ ಸುಧಾರಿಸಿದ ಎಂದರು. ಹಿರಿಯ ಭಾವನಿಗೆ ಅದು ಶ್ರಾವಣದ ತಮ್ಮ ಪ್ರವಚನದ ಫಲವಾಗಿ ಕಂಡಿತ್ತು. ನನ್ನ ತಮ್ಮ ಇವತ್ತಿಗೂ ಯಾವುದೋ ಗುಪ್ತ ಬೇಮಾರಿ ಇದೆ ಎಂದೇ ನಂಬಿದ್ದಾನೆ.

ಕಾರು ನಾರಾಯಣಖೇಡ ದಾಟಿತು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಜಗಲಿಯ ಮಾತು ತೆಗೆಯದೆ ಇರಲಾರದೆ ತೆಗೆದೇಬಿಟ್ಟೆ. ನಿಮ್ಮವ್ವ ಎಂಥವರು, ನಿಮ್ಮ ಮನೆ ಎಂಥದು, ಹೆಂಗಸರನ್ನು ಗೂಟ ಮಾಡಿ ಇಟ್ಟ ಮೂರ್ಖ ಪದ್ಧತಿ ಎಂಥದು ಎಂದು ಬಾಯಿಗೆ ಬಂದ ಹಾಗೆ ಬೈದೆ. ಇವರು ಗಾಡಿಯ ವೇಗ ಇಳಿಸಿದರು.

"ಅವ್ವ ಆ ಮಾತು ಮೊದಲೇ ಹೇಳಲಿಲ್ಲ, ಚಲೋ ಆತು," ಎಂದರು. "ನೀವು ಹೋದ ಮ್ಯಾಲ ಅಣ್ಣ ಫೋನ್ ಮಾಡೇ ಮಾಡ್ದ. ನಂಗೂ ತಡಕೊಳ್ಳಾಕ ಆಗ್ಲಿಲ್ಲ. ಮತ್ತ ಮತ್ತ ಎದ್ದು ನಿಂತೆ. ತಾಟು ಯಾರ ಕೈಯಾಗ ಕೊಡ್ಲಿ ಅಂತ ಮನಿಯೆಲ್ಲ ನೋಡ್ದೆ. ನೀ ಇರ್ಲಿಲ್ಲ, ಗುರಮ್ಮ ವೈನಿ ಇರ್ಲಿಲ್ಲ, ಅವ್ವ ಮಕ್ಕೊಂಡಿದ್ಳು. ಒಂಟಿ ಬಿಡಬಾರದಲ್ಲ, ಮತ್ತ ಕುಂತೆ. ಜಗಲಿ ಮ್ಯಾಲ ಇಡಬೋದಂತ ಗೊತ್ತಿದ್ರ ಹೋಗೇಬಿಡ್ತಿದ್ದೆ, ಮಾನಂದಾ."

ನಾನು ಅಲ್ಲೇ ಕಾವಲು ಕೂತಿದ್ದರೆ ಇವರು ತಾಟನ್ನು ನನ್ನ ತೊಡೆಯ ಮೇಲೆ ಇಟ್ಟು ಎದ್ದು ಹೋಗುತ್ತಿದ್ದರು. ಅಷ್ಟು ವರ್ಷ ನಾನು ಹಲ್ಲು ಕಡಿದು ಹೀಯಾಳಿಸಿದ ಆ ಮೂರ್ಖ ಪದ್ಧತಿಯೇ ನನ್ನ ಗಂಡನನ್ನು ಗೋಡೆಗೆ ಕಟ್ಟಿ ಕೂರಿಸಿತ್ತು. ಯಾರಿಗೆ ಕೈ ಮುಗಿಯಬೇಕೆಂದು ಯೋಚಿಸಿದರೆ ನನಗೆ ಇವತ್ತಿಗೂ ಸಿಗುವುದು ಎರಡೇ: ಅತ್ತೆಯ ಮರೆವು, ಮತ್ತು ಜೋಮು ಹಿಡಿದ ನನ್ನ ಕಾಲು. ಜಹೀರಾಬಾದಿನಲ್ಲಿ ಗಾಡಿ ನಿಂತಾಗ ಇವರು ನನ್ನ ಮುಖ ನೋಡದೆ ಒಳಗೆ ಹೋದರು, ಮಷಿನ್ನನ್ನು ತಾವೇ ಹೊತ್ತು ತಂದು ಡಿಕ್ಕಿಯಲ್ಲಿ ಇಟ್ಟರು. "ರಿಪೇರಿ ಆಗ್ಯಾದ," ಎಂದೆ. ಇವರು ತಲೆಯಾಡಿಸಿದರು.

ಆಮೇಲೆ ನಾವು ದಸರಾಕ್ಕೆ ಊರಿಗೆ ಹೋಗಿಲ್ಲ. ಹಬ್ಬ ತಾಂಡೂರಿಗೇ ಬರುತ್ತದೆ, ಯಾಲಕ್ಕಿಯೂ ಬರುತ್ತದೆ. ಮೊನ್ನೆ ಹಬ್ಬದ ಸಂಜೆ ಅದೇ ಪಕ್ಕದ ಮನೆಯವರು ಗೇಟಿನಲ್ಲಿ ನಿಂತು, "ಶರಣಪ್ಪಣ್ಣಾ, ಬರ್ರಿ, ಸುಮ್ಮ ಕುಂತು ಬರೂಣು," ಎಂದು ಕರೆದರು. ಇವರು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತು, ಒಳಗೆ ತಿರುಗಿ ಹೇಳಿದರು.

"ಮಾನಂದಾ, ಕೈಯಾಗ ಏನರ ಕೊಡು."

ಮೊರದ ತುಂಬ ತೊಗರಿಬೇಳೆ ಸುರಿದು ತಂದು ಇವರ ತೊಡೆಯ ಮೇಲೆ ಇಟ್ಟೆ. ಕಲ್ಲು ಇರಲಿಲ್ಲ, ಬೆಳಗ್ಗೆಯೇ ಆರಿಸಿದ್ದೆ. "ಒಂಟಿ ಬಿಡಬಾರದು ನೋಡ್ರಿ," ಎಂದು ಹೇಳಿ, ಚಪ್ಪಲಿ ಮೆಟ್ಟಿ, ಬಾಗಿಲು ತೆರೆದೇ ಇಟ್ಟು, ಬನ್ನಿ ತರಲು ಹೊರಟೆ.